ಆಳೆತ್ತರದ ಗೆಜ್ಜೆವಸ್ತ್ರ

ನುಮಾಯಿಷ್ ಭಾಳ ಛಲೋ ಆಯಿತು ಎಂದು ಎಲ್ಲರೂ ಹೇಳುತ್ತಿದ್ದರು. ಹೇಳಿದವರಿಗೆಲ್ಲ ಡ್ರಾಯಿಂಗ್ ಮಾಸ್ತರ ವಾದಿರಾಜ ಕೈಮುಗಿದು ನಗುತ್ತಿದ್ದ. ಮುಗಿದ ಕೈ ಇಳಿಸುವಷ್ಟರಲ್ಲಿ ಆ ನಗೆ ಎಲ್ಲಿಗೆ ಹೋಗುತ್ತಿತ್ತೋ ಅವನಿಗೇ ತಿಳಿಯುತ್ತಿರಲಿಲ್ಲ. ಶಾಲೆಯ ಬಯಲಿನಲ್ಲಿ ಹಾಕಿದ ಚಪ್ಪರದ ಕೆಳಗೆ ಜನ ಇನ್ನೂ ಕರಗಿರಲಿಲ್ಲ. ಮಾನ್ವಿಯ ಹೂಜಿಗಳ ಮುಂದೆ, ಅರಕೇರಾದ ಬಿದಿರು ಬುಟ್ಟಿಗಳ ಮುಂದೆ, ಜರಿ ಚಪ್ಪಲಿಗಳ ಮುಂದೆ ಹೆಂಗಸರು ಮಕ್ಕಳು ಒತ್ತಿಕೊಂಡು ನಿಂತು, ಮನೆಯಲ್ಲಿ ದಿನಾ ಕಾಲಿಗೆ ತೊಡರುವ ಸಾಮಾನುಗಳನ್ನೇ ಯಾವುದೋ ದೇಶದ್ದೆಂಬಂತೆ ಬಾಯಿ ತೆರೆದು ನೋಡುತ್ತಿದ್ದರು. ರಾಯಚೂರಿನಲ್ಲಿ ಹಿಂದೆಂದೂ ಇಂಥ ಕೈಕೆಲಸದ ಪ್ರದರ್ಶನ ಆಗಿರಲಿಲ್ಲ. ಗಿಳಿ ಬಿಡಿಸೋ ಮಾಸ್ತರ ಎಂದು ಸ್ಟಾಫ್ ರೂಮಿನಲ್ಲಿ ಆಡಿಕೊಳ್ಳುತ್ತಿದ್ದವರು ಕೂಡ ಇವತ್ತು ಮಾಸ್ತರ್ ಸಾಬ್ ಎನ್ನುತ್ತಿದ್ದರು. ಇದೇ ಆಗಬೇಕೆಂದು ಅವನು ಎತ್ತಿನ ಬಂಡಿ ಹತ್ತಿ ಊರೂರು ಅಲೆದಿದ್ದ. ಆದರೆ ಚಪ್ಪರದ ನಡುಮಧ್ಯೆ, ಬಳೆಗಾರ ಜಿಲಾನಿ ಪಾಷಾ ತನ್ನ ಅಂಗಡಿಯಿಂದ ಬಳೆ ತೆಗೆದು ಬರಿದು ಮಾಡಿ ಕೊಟ್ಟಿದ್ದ ಗಾಜಿನ ಪೆಟ್ಟಿಗೆ ಬಾಯಿ ತೆರೆದುಕೊಂಡು ಖಾಲಿ ನಿಂತಿತ್ತು. ಮುಂಜಾನೆ ಅದರೊಳಗೆ ಅಕ್ಕ ತುಂಗಾಬಾಯಿಯ ಗೆಜ್ಜೆವಸ್ತ್ರವಿತ್ತು. ಈಗ ಅದು ಎಲ್ಲಿದೆಯೋ ಗೊತ್ತಿಲ್ಲ. ಅದಿಲ್ಲದೆ ಮನೆಗೆ ಹೋಗುವಂತಿಲ್ಲ, ಹೋಗದೆ ಇರುವಂತೆಯೂ ಇಲ್ಲ. ಬೇವಿನ ಮರದ ಕೆಳಗಿನ ಬೆಂಚಿನ ಮೇಲೆ ಕೂತು ಅವನು ಪೆಟ್ಟಿಗೆಯನ್ನೇ ನೋಡುತ್ತಿದ್ದ.

ಗೆಜ್ಜೆವಸ್ತ್ರ ಯಾರ ಮನೆಯಲ್ಲಿಲ್ಲ? ಬೀಜ ಬಿಡಿಸಿದ ಹತ್ತಿ ಹಿಂಜಿ, ಹಾಲು ಸೋಕಿಸಿದ ಬೆರಳಿನಿಂದ ಎಳೆ ತೆಗೆದು, ನಡುನಡುವೆ ಗೆಜ್ಜೆಯಂಥ ಕಾಳು ಬಿಟ್ಟು, ಕಾಳಿಗೊಂದು ಕುಂಕುಮದ ಬೊಟ್ಟಿಟ್ಟು ದೇವರ ಕೊರಳಿಗೆ ಏರಿಸುತ್ತಾರೆ, ಗೇಣುದ್ದದ್ದು, ಹೆಚ್ಚೆಂದರೆ ಮೊಳದುದ್ದದ್ದು. ತುಂಗಾಬಾಯಿಯದು ಆಳೆತ್ತರದ್ದು. ಆಳೆಂದರೆ ಯಾರೋ ಆಳಲ್ಲ, ವಾದಿರಾಜನೇ. ಎರಡು ವರ್ಷದ ಹಿಂದೆ ವಿಷಮಜ್ವರದಲ್ಲಿ ಅವನು ಮಾತು ತಪ್ಪಿ ಮಲಗಿದ್ದಾಗ, ಹಕೀಮರೂ ಡಾಕ್ಟರೂ ಕೈ ಚೆಲ್ಲಿದ ದಿನ, ಅವಳು ಜನಿವಾರದ ನೂಲಿನ ಉಂಡೆ ತಂದು ಅವನನ್ನು ನೆತ್ತಿಯಿಂದ ಅಂಗಾಲಿನವರೆಗೆ ಅಳೆದಿದ್ದಳು. ಆ ನೂಲು ಮೈಮೇಲೆ ಹಾದದ್ದು ಅವನಿಗೆ ನೆನಪಿದೆ. ಇರುವೆಯ ಸಾಲು ಎಂದುಕೊಂಡಿದ್ದ. ಮೇಲೆ ಬಾಗಿದ್ದ ಕೆಂಪು ಸೀರೆಯ ಸೆರಗು, ಸೆರಗಿನೊಳಗಿನ ಬೋಳುತಲೆ, 'ಪ್ರಾಣದೇವರೇ, ಇವನ್ನ ಉಳಿಸು, ಇವನೆತ್ತರದ ಗೆಜ್ಜಿವಸ್ತ್ರ ಏರಸ್ತೀನಿ, ನಿನ್ನ ಪಾದ ಮುಟ್ಟೋಹಂಗ' ಎಂಬ ದನಿ. ಜ್ವರ ಇಳಿಯಿತು, ಹರಕೆ ಉಳಿಯಿತು. ಮುಂಜಾನೆ ತಣ್ಣೀರು ಸುರಿದುಕೊಂಡು, ಒದ್ದೆ ಸೀರೆಯಲ್ಲೇ ಕಂಬಕ್ಕೊರಗಿ, ಒಲೆ ಹಚ್ಚುವ ಮುಂಚಿನ ಅಷ್ಟು ಹೊತ್ತು ಮಾತ್ರ ಅವಳು ಆ ಕೆಲಸಕ್ಕೆ ಕೂಡುತ್ತಿದ್ದಳು. ಕುಂಕುಮ ಮಾತ್ರ ತಾನು ಮುಟ್ಟುತ್ತಿರಲಿಲ್ಲ. ಬೊಟ್ಟಿಡುವುದು ವಾದಿರಾಜನ ಹೆಂಡತಿ ಅಹಲ್ಯೆಯ ಪಾಲಿಗೆ. ಹತ್ತಿ ಬೆಳ್ಳಗಿರುವುದೋ ತನ್ನ ಕಣ್ಣಿನೊಳಗೇ ಬೆಳ್ಳಗಾಗಿದೆಯೋ ಎಂದು ಅವಳೇ ನಗುವಷ್ಟು ಅವಳ ಕಣ್ಣಿಗೆ ಪೊರೆ ಬಂದಿತ್ತು. ಕಡೆಯ ಮೊಳವನ್ನು ಅವಳು ಬೆರಳಿನ ಅಂದಾಜಿನ ಮೇಲೆಯೇ ಮಾಡಿ ಮುಗಿಸಿದಳು. ಚೊಚ್ಚಿಲ ಹೆರಿಗೆಗೆ ಅಹಲ್ಯೆ ಸಿರವಾರದ ತವರಿಗೆ ಹೊರಟಾಗ, 'ನೀ ಕೂಸಿನ್ನ ಎತ್ತಿಕೊಂಡು ಬರೋದರೊಳಗ ಹರಕಿ ತೀರಿರತದವಾ, ಬರೋ ದ್ವಾದಶಿಗೇ ಏರಿಸೋದು' ಎಂದು ಮಾತು ಕೊಟ್ಟು ಕಳಿಸಿದ್ದಳು.

ಅಂಥದನ್ನು ನುಮಾಯಿಷಿಗೆ ಕೊಡು ಎಂದು ಕೇಳಲು ಅವನಿಗೆ ಬಾಯಾದರೂ ಹೇಗೆ ಬಂತು? ಬಂತು, ಅಷ್ಟೇ. ಎಲ್ಲ ಊರಿನದೂ ಕೂಡಿತ್ತು, ತನ್ನ ಮನೆಯದೇ ಏನೂ ಇರಲಿಲ್ಲ. ಅಕ್ಕ ಮೊದಲು ಕಿವಿ ಮುಚ್ಚಿಕೊಂಡಳು.

'ಹುಚ್ಚ ಇದ್ದೀಯೇನೋ? ದೇವರಿಗಂತ ಮಾಡಿದ್ದು. ಹತ್ತು ಮಂದಿ ಮುಟ್ಟಿದ್ದನ್ನ ಏರಸ್ತಾರೇನು?'

'ಯಾರೂ ಮುಟ್ಟೂದಿಲ್ಲಕ್ಕಾ. ಗಾಜಿನ ಪೆಟ್ಟಿಗ್ಯಾಗ ಇಟ್ಟು ಕೀಲಿ ಹಾಕ್ತೀನಿ. ಮಡಿಲೆ ನಾನೇ ಒಯ್ತೀನಿ, ನಾನೇ ತರ್ತೀನಿ. ಗಾಜಿನೊಳಗ ಬೆಳಕು ಹೋಗತದ ಹೊರತು ಮೈಲಿಗಿ ಹೆಂಗ ಹೋಗತದ?'

ಅವಳು ಎರಡು ದಿನ ಮಾತೇ ಎತ್ತಲಿಲ್ಲ. ಮೂರನೆಯ ದಿನ ಅನ್ನ ಬಡಿಸುತ್ತ, ಎಲೆಯ ಕಡೆಗೇ ಮುಖ ಮಾಡಿ, 'ಹೆಂಗಸರೂ ಬರ್ತಾರೇನೋ ನೋಡ್ಲಿಕ್ಕೆ?' ಎಂದಳು. ಬರುತ್ತಾರೆ ಎಂದ. 'ಎಲ್ಲಾ ಸಾಮಾನಿಗೂ ಮಾಡಿದವರ ಹೆಸರು ಬರೀತೀಯಂತ, ಪಕ್ಕದ ಮನಿ ವೆಂಕೂಬಾಯಿ ಹೇಳಿದಳು' ಎಂದಳು. ಹೌದು ಎಂದ. ಅವಳು ಸಾರಿನ ಪಾತ್ರೆ ತೆಗೆದುಕೊಂಡು ಒಳಗೆ ಹೋದಳು. ಹೋಗುವಾಗ ಹೊಸ್ತಿಲ ಬಳಿ ಅವಳ ಮುಖದಲ್ಲೊಂದು ನಾಚಿಕೆ ಹಾದುಹೋಯಿತು. ಹನ್ನೆರಡಕ್ಕೆ ಮದುವೆಯಾಗಿ, ದೇವದುರ್ಗದ ಅತ್ತೆಮನೆಯಿಂದ ಹದಿನಾಲ್ಕಕ್ಕೆ ತಲೆ ಬೋಳಿಸಿಕೊಂಡು ಬಂದವಳ ಮುಖದಲ್ಲಿ ಆ ನಾಚಿಕೆಯನ್ನು ವಾದಿರಾಜ ಅದೇ ಮೊದಲ ಸಲ ಕಂಡಿದ್ದ. ಕಂಡು ಖುಷಿಪಟ್ಟಿದ್ದ, ಕೆಲಸ ಆಯಿತಲ್ಲ ಎಂದು. ಆದರೆ ನಿನ್ನೆ ಸಂಜೆ ಚೀಟಿ ಬರೆಯಲು ಕೂತಾಗ ಎಲ್ಲರ ಹೆಸರೂ ಸರಾಗವಾಗಿ ಬಂದು, ಅವಳ ಹೆಸರಿಗೆ ಬಂದಾಗ ಕೈ ನಿಂತಿತು. ಮಡಿಹೆಂಗಸಿನ ಹೆಸರು ಬಯಲಲ್ಲಿ ನೇತುಹಾಕುವುದೇ? ಮಠದವರು ಏನಂದಾರು, ಹೆಡ್‌ಮಾಸ್ತರರು ಏನಂದಾರು? ಆ ಚೀಟಿಯಲ್ಲಿ 'ಗೆಜ್ಜೆವಸ್ತ್ರ, ರಾಯಚೂರು' ಎಂದಷ್ಟೇ ಬರೆದ. ಅವಳ ಕಣ್ಣಿಗೆ ಓದಲು ಬರುವಂತಿರಲಿಲ್ಲ, ಅವಳು ಬಯಲಿಗೆ ಬರುವವಳೂ ಅಲ್ಲ. ಯಾರಿಗೆ ತಿಳಿಯುತ್ತದೆ ಎಂದುಕೊಂಡ.

ಇಷ್ಟಾದರೂ ಎಲ್ಲ ಸುಸೂತ್ರ ಮುಗಿದು, ಸಂಜೆಗೆ ಹಾರ ಮನೆಗೆ ಮರಳುತ್ತಿತ್ತು. ಕೆಟ್ಟದ್ದು ಒಂದು ಕುರಿಯಿಂದ. ದೇವದುರ್ಗದ ಕಂಬಳಿ ನೇಯುವ ಕುರುಬರ ದೊಡ್ಡಪ್ಪನಿಗೆ, ಬರೀ ಕಂಬಳಿ ತಂದರೆ ಸಾಲದು, ಕುರಿಯನ್ನೂ ತಾ, ಉಣ್ಣೆ ಎಲ್ಲಿಂದ ಬರುತ್ತದೆಂದು ಮಂದಿ ನೋಡಲಿ ಎಂದವನೂ ವಾದಿರಾಜನೇ. ಮಂದಿ ಕುರಿ ನೋಡಿಲ್ಲವೇ? ರಾಯಚೂರಿನ ಓಣಿಯಲ್ಲಿ ಮನುಷ್ಯರಿಗಿಂತ ಕುರಿಗಳೇ ಹೆಚ್ಚು. ಆದರೆ ಹೈದರಾಬಾದಿನ ದೊಡ್ಡ ನುಮಾಯಿಷಿನಲ್ಲಿ ಹಾಗೆ ಮಾಡುತ್ತಾರಂತೆ ಎಂದು ಯಾರೋ ಹೇಳಿದ್ದು ತಲೆಯಲ್ಲಿ ಕೂತಿತ್ತು. ಜಿಲ್ಲೆಗೇ ದೊಡ್ಡವರಾದ ತಾಲೂಕದಾರ ಸಾಹೇಬರ ಮೋಟಾರು ಬಯಲಿಗೆ ತಿರುಗಿ, ಸಾಹೇಬರು ಇಳಿದು, ಬಿಳಿ ಶೇರವಾನಿ ನೇರ ಮಾಡಿಕೊಂಡು, ರೂಢಿಯಂತೆ ಹಾರಕ್ಕಾಗಿ ತುಸು ತಲೆ ಬಾಗಿಸಿ ನಿಂತರು. ವಾದಿರಾಜ ಹೂವಿನ ಬುಟ್ಟಿಗೆ ಕೈ ಹಾಕಿದ. ಒದ್ದೆ ಬಾಳೆಎಲೆ ಮಾತ್ರ ಕೈಗೆ ಹತ್ತಿತು. ಮಗ್ಗುಲಲ್ಲಿ ದೊಡ್ಡಪ್ಪನ ಕುರಿ ಬಾಯಿಂದ ಇಳಿಬಿದ್ದ ದಾರವನ್ನು ನಿಧಾನವಾಗಿ ಒಳಗೆ ಎಳೆದುಕೊಳ್ಳುತ್ತಿತ್ತು. ಗುಲಾಬಿಯ ಒಂದು ದಳ ಮೂಗಿಗೆ ಅಂಟಿತ್ತು. 'ಯಪ್ಪಾ, ಹಗ್ಗ ಬಿಚ್ಚಿಕೊಂಡೈತ್ರಿ, ನಾ ಅತ್ತಾಗ ಸಾಹೇಬ್ರ ಗಾಡಿ ನೋಡಾಕತ್ತಿದ್ದೆ' ಎಂದು ದೊಡ್ಡಪ್ಪ ಗಾಬರಿಯಾಗಿ ಬಾಯಿ ಬಡಿದುಕೊಂಡ. ಕುರಿ ಕೊಬ್ಬಿದಷ್ಟೂ ಕುರುಬನಿಗೆ ಲಾಭ ಎಂದು ಹಿಂದೆ ಯಾರೋ ಅಂದರು, ಒಂದಿಬ್ಬರು ನಕ್ಕರು. ಸಾಹೇಬರ ತಲೆ ಇನ್ನೂ ಬಾಗಿಯೇ ಇತ್ತು. ಬಾಗಿದ ಆ ತಲೆಯ ಮುಂದೆ ಬರಿಗೈಯಲ್ಲಿ ನಿಂತ ಆ ಗಳಿಗೆಯಲ್ಲಿ ವಾದಿರಾಜನಿಗೆ ಸ್ಟಾಫ್ ರೂಮಿನ ಎಲ್ಲ ಮುಖಗಳೂ ಒಟ್ಟಿಗೆ ಕಂಡವು. ಮುಂದಿನದೆಲ್ಲ ಅವನ ಕೈಗಳೇ ಮಾಡಿದವು. ಅಂಗಿಯೊಳಗಿನ ಜನಿವಾರಕ್ಕೆ ಕಟ್ಟಿದ್ದ ಕೀಲಿ ಎಳೆದವು, ಗಾಜಿನ ಬಾಗಿಲು ತೆರೆದವು, ಗೆಜ್ಜೆವಸ್ತ್ರ ಎತ್ತಿದವು, ಸಾಹೇಬರ ಕೊರಳಿಗೆ ಹಾಕಿದವು.

ಚಪ್ಪಾಳೆ ಬಿತ್ತು. ಎಷ್ಟು ಛಂದ ಕಂಡಿತ್ತು ಅದು! ಬೆಳ್ಳಗೆ, ನುಣ್ಣಗೆ, ಒಂದೊಂದು ಕಾಳೂ ಎಣಿಸಿ ಮಾಡಿದಂತೆ, ಎದೆ ದಾಟಿ ಸೊಂಟದವರೆಗೆ ಇಳಿದು, ಬಿಸಿಲಿನಲ್ಲಿ ತಾನೇ ಒಂದು ಬೆಳಕಾಗಿ. ವಾದಿರಾಜನಿಗೆ ಖುಷಿಯಾಯಿತು. ಇದನ್ನು ಅವನು ಯಾರಿಗೂ ಹೇಳಲಾರ, ತನಗೆ ತಾನೂ ಹೇಳಿಕೊಳ್ಳಲಾರ. ಆದರೆ ಆ ಗಳಿಗೆಯಲ್ಲಿ ಅವನಿಗೆ ನಿಜವಾಗಿ ಖುಷಿಯಾಗಿತ್ತು. ಸಾಹೇಬರು ಕಾಳೊಂದನ್ನು ಬೆರಳಲ್ಲಿ ಹಿಡಿದು ನೋಡಿ, ಬಹುತ್ ಖೂಬ್, ಇದು ಯಾರ ಹುನರ್, ಯಾರ ಕೈಚಳಕ ಎಂದು ಉರ್ದುವಿನಲ್ಲಿ ಕೇಳಿದರು. ಒಳ್ಳೆಯ ಮನುಷ್ಯ, ನಿಜವಾಗಿ ತಿಳಿಯಬೇಕೆಂದೇ ಕೇಳಿದರು. ನನ್ನ ಅಕ್ಕನದು ಎನ್ನಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಅಕ್ಕ ಎಂದೊಡನೆ ಅವನ ಕಣ್ಣಿಗೆ ಕಂಡದ್ದು ಆ ಬೋಳುತಲೆ, ಆ ಕೆಂಪು ಸೀರೆ. ಕರೆಸಿ, ಬಹುಮಾನ ಕೊಡೋಣ ಎಂದುಬಿಟ್ಟರೆ? 'ಯಹಾಂ ಕೀ ಔರತೋಂ ಕಾ, ಹುಜೂರ್' ಎಂದ. ಇಲ್ಲಿಯ ಹೆಂಗಸರದು. ಮಗ್ಗುಲಲ್ಲಿ ನಿಂತಿದ್ದ ಜಿಲಾನಿ ಪಾಷಾ ಅವನ ಮುಖ ನೋಡಿದ. ಸಾಹೇಬರು ತಲೆದೂಗಿ, ರೂಢಿಯಂತೆ ಹಾರ ತೆಗೆದು ಪಟ್ಟೇವಾಲ ಜವಾನನ ಕೈಗೆ ಕೊಟ್ಟರು. ಶೇರವಾನಿಯ ಕೊರಳಪಟ್ಟಿಗೆ ಅಹಲ್ಯೆ ಇಟ್ಟ ಕುಂಕುಮ ಹತ್ತಿತ್ತು. ಪಟ್ಟೇವಾಲ ಗಾಬರಿಬಿದ್ದು ಅದನ್ನು ಒರೆಸಲು ಹೋದ, ಒರೆಸಿದಷ್ಟೂ ಅದು ಹರಡಿತು. ಗೆಜ್ಜೆವಸ್ತ್ರ ಮೇಜಿನ ಮೇಲೆ ಬಿತ್ತು. ಆಮೇಲೆ ಭಾಷಣ, ಶರಬತ್ತು, ಪಾನು. ಸಾಹೇಬರನ್ನು ಮೋಟಾರಿನವರೆಗೆ ಕಳಿಸಿ ತಿರುಗಿ ಬರುವಷ್ಟರಲ್ಲಿ ಮೇಜೂ ಇರಲಿಲ್ಲ, ಹಾರವೂ ಇರಲಿಲ್ಲ.

'ಏನು ಮಾಸ್ತರ್, ಮನಿಗೆ ಹೋಗೂದಿಲ್ಲೇನ್ರಿ?' ಜಿಲಾನಿ ಪಾಷಾ ಬಂದು ಬೆಂಚಿನ ತುದಿಗೆ ಕೂತ. ಬಳೆಗಳನ್ನು ಮತ್ತೆ ಪೆಟ್ಟಿಗೆಗೆ ತುಂಬಿಸಬೇಕಿತ್ತು, ಆದರೆ ಅವನು ಅವಸರ ಮಾಡಲಿಲ್ಲ. ಮೆಲ್ಲಗೆ ಕೇಳಿದ, 'ಅದು ನಿಮ್ಮ ಅಕ್ಕಾರದು ಅಲ್ಲೇನ್ರಿ? ಹೆಸರು ಯಾಕ ಹೇಳಲಿಲ್ಲ?'

ವಾದಿರಾಜ ಪೆಟ್ಟಿಗೆಯ ಕೀಲಿ ತೆಗೆದು ಅವನ ಕೈಗೆ ಕೊಟ್ಟ.

'ನಾನು ಹೇಳೋನಿದ್ದೆ' ಎಂದ ಪಾಷಾ, 'ಆದ್ರ ನಿಮ್ಮ ಮಾರಿ ನೋಡಿ ಸುಮ್ಮನಾದೆ. ಬರ್ರಿ, ಹುಡುಕೋಣು. ಎಲ್ಲಿ ಹೋಗತದ, ಇಲ್ಲೇ ಇರತದ.'

ಇಲ್ಲೇ ಇತ್ತು. ಚಪ್ಪರದ ಹಿಂದೆ, ಗ್ಯಾಸ್ ಬತ್ತಿ ಬಾಡಿಗೆಗೆ ತಂದಿದ್ದ ಪೀರಾ ಸಾಬ್ ಬತ್ತಿಗಳನ್ನು ಸಾಲಾಗಿ ಇಟ್ಟುಕೊಂಡು ಸಂಜೆಗೆ ಸಜ್ಜು ಮಾಡುತ್ತಿದ್ದ. ಅವನ ಕೈಯಲ್ಲಿ ಕರ್ರಗಾದ ಹತ್ತಿಯ ಉಂಡೆ ಇತ್ತು. ತೊಡೆಯ ಮೇಲೆ ಇನ್ನಷ್ಟು. ಅದರಿಂದ ಗಾಜು ಒರೆಸಿ, ಬೆಳಕಿಗೆ ಹಿಡಿದು, ಉಫ್ ಎಂದು ಊದಿ ಮತ್ತೆ ಒರೆಸುತ್ತಿದ್ದ. ಒಂದು ಬತ್ತಿಯ ಬುಡದಲ್ಲಿ ಮೊಳದುದ್ದದ ತುಂಡು ಇನ್ನೂ ಬೆಳ್ಳಗೇ ಉಳಿದಿತ್ತು. ಕಾಳುಗಳು ಒಂದಕ್ಕೊಂದು ಸಮ ಇರಲಿಲ್ಲ. ಕಡೆಯ ಮೊಳ, ಬೆರಳಿನ ಅಂದಾಜಿನದು.

'ಮೇಜಿನ ಮ್ಯಾಲಿಂದ ಪಟ್ಟೇವಾಲ ಕೊಟ್ಟ್ರೀ' ಎಂದು ಪೀರಾ ಸಾಬ್ ನಕ್ಕ. 'ಯುದ್ಧ ಶುರು ಆದಾಗಿಂದ ಇಂಥಾ ಹತ್ತಿ ಎಲ್ಲಿ ಸಿಗತದ್ರಿ? ಗಾಜು ನೋಡ್ರಿ ಹೆಂಗ ಹೊಳಿಯಾಕತ್ತಾವ.'

ಗಾಜು ಹೊಳೆಯುತ್ತಿತ್ತು. ವಾದಿರಾಜ ಕೆಳಗೆ ಕೂತು ಕರಿಯದು ಬಿಳಿಯದು ಎನ್ನದೆ ಎಲ್ಲವನ್ನೂ ಶಲ್ಯದೊಳಗೆ ಕೂಡಿಸಿಕೊಂಡ. ಪೀರಾ ಸಾಬ್ ಏನೂ ತಿಳಿಯದೆ ಪಾಷಾನ ಕಡೆ ನೋಡಿದ. ಪಾಷಾ ಸುಮ್ಮನಿರು ಎಂದು ಕಣ್ಣಿನಲ್ಲೇ ಹೇಳಿದ.

ಶಲ್ಯದ ಗಂಟನ್ನು ಕಂಕುಳಲ್ಲಿಟ್ಟುಕೊಂಡು ಅವನು ಪ್ರಾಣದೇವರ ಗುಡಿಯ ಮುಂದಿನಿಂದಲೇ ಹೋದ. ಒಳಗೆ ಯಾರೋ ಗಂಟೆ ಹೊಡೆದರು. ಕಲ್ಲಿನ ದೇವರು ಮೂರು ಗೇಣು, ಹೆಚ್ಚೆಂದರೆ ಮೂರೂವರೆ. ಅಕ್ಕನ ಹಾರ ಪಾದ ಮುಟ್ಟಿ ಇನ್ನೂ ಮಿಕ್ಕುತ್ತಿತ್ತು. ಹೊರಗಿನಿಂದಲೇ ಕೈಮುಗಿಯಲೂ ಆಗದೆ, ಸಾಲಗಾರನನ್ನು ಕಂಡವನಂತೆ ತಲೆ ತಗ್ಗಿಸಿ ದಾಟಿದ. ಮಾವಿನಕೆರೆಯ ಮೆಟ್ಟಿಲಿಗೆ ಬಂದಾಗ ಕೋಟೆಗುಡ್ಡದ ನೆರಳು ನೀರಿನ ಅರ್ಧದವರೆಗೆ ಬಂದಿತ್ತು. ದೇವರ ನಿರ್ಮಾಲ್ಯವನ್ನು ಹರಿಯುವ ನೀರಿಗೋ ಕೆರೆಗೋ ಬಿಡುತ್ತಾರೆ. ಇದು ನಿರ್ಮಾಲ್ಯವೇ? ದೇವರ ಮೈಮೇಲೆ ಏರದ್ದು ಯಾವ ಲೆಕ್ಕದ ನಿರ್ಮಾಲ್ಯ? ಆದರೂ ಬಿಟ್ಟ. ಮುಳುಗುತ್ತದೆ ಎಂದುಕೊಂಡಿದ್ದ, ಮುಳುಗಲಿಲ್ಲ. ಹತ್ತಿ ಉಬ್ಬಿ ತೇಲಿತು, ಅದರ ಸುತ್ತ ಚಿಮಣಿ ಎಣ್ಣೆಯ ಬಣ್ಣಬಣ್ಣದ ಪೊರೆ ಹರಡಿತು. ಡ್ರಾಯಿಂಗ್ ಮಾಸ್ತರನ ಹಾಳು ಕಣ್ಣು ಆ ಬಣ್ಣಗಳನ್ನು ನೋಡುತ್ತ ನಿಂತಿತು. ಕೈ ಮೂಸಿದ. ತೊಳೆದ, ಮತ್ತೆ ಮೂಸಿದ. ದಂಡೆಯ ಮಣ್ಣು ಹಚ್ಚಿ ತಿಕ್ಕಿದ. ತಿಕ್ಕುತ್ತಿದ್ದಂತೆ, ಮನೆಯಲ್ಲಿ ಏನು ಹೇಳಬೇಕೆಂಬುದು ತಾನಾಗಿಯೇ ಬಾಯಿಗೆ ಬಂತು. ಮುಂಜಾನೆಯಿಂದ ಅವನು ಆಡಿದ ಸುಳ್ಳುಗಳಲ್ಲಿ ಅದೊಂದೇ ಪೂರ್ತಿ ಸಿದ್ಧವಾಗಿ ಬಂದದ್ದು.

ಮನೆಯ ಕಟ್ಟೆಯ ಮೇಲೆ ಪಕ್ಕದ ಮನೆಯ ವೆಂಕೂಬಾಯಿ ಕೂತಿದ್ದಳು. ಅವನನ್ನು ಕಂಡು ಸೆರಗು ಸರಿಮಾಡಿಕೊಂಡು ಎದ್ದಳು. 'ಬಂದ್ಯಾ ವಾದಿರಾಜ? ನುಮಾಯಿಷ್ ಭಾರಿ ಆತಂತಲ್ಲಪಾ' ಎಂದಳು, ಉತ್ತರಕ್ಕೆ ನಿಲ್ಲಲಿಲ್ಲ. ಊರಿನ ಸುದ್ದಿಗೆಲ್ಲ ಅವಳೇ ಟಪಾಲು. ಎಂದೂ ಅರ್ಧ ಗಂಟೆ ನಿಲ್ಲಿಸಿ ಮಾತಾಡುವವಳು ಇವತ್ತು ಮುಖ ನೋಡದೆ ಯಾಕೆ ಹೋದಳೆಂದು ಆಗಲೇ ತಿಳಿಯಬೇಕಿತ್ತು. ಅವನ ತಲೆಯೊಳಗೆ ತನ್ನ ಮಾತೇ ಸುತ್ತುತ್ತಿತ್ತು, ತಿಳಿಯಲಿಲ್ಲ. ಅಕ್ಕ ಒಳಪಡಸಾಲೆಯಲ್ಲಿ ಕಂಬದ ಬಳಿ ಕೂತಿದ್ದಳು. ದೀಪ ಆಗಲೇ ಹಚ್ಚಿತ್ತು. ಅವನು ಮೈಲಿಗೆಯಲ್ಲಿ ಬಂದವನು, ಅಂಗಳದಲ್ಲೇ ನಿಂತ.

'ಅಕ್ಕಾ, ಬರೋ ಹಾದಿಯೊಳಗ ಗುಡಿಗೆ ಹೋಗಿ ಏರಿಸೇ ಬಂದೆ.'

'ದ್ವಾದಶಿಗಂತ ಅಂದಿದ್ನಲ್ಲೋ.'

'ಆಚಾರ್ರೇ ಇವತ್ತು ದಿನಾ ಛಲೋ ಅದ ಅಂದ್ರು. ಮತ್ತ ಯಾಕ ತಡ ಮಾಡೂದಂತ…'

ಅವಳು ದನಿ ಬಂದ ದಿಕ್ಕಿಗೆ ಮುಖ ಮಾಡಿ ಕೂತಿದ್ದಳು. ಪೊರೆ ಬಂದ ಕಣ್ಣು ಅವನ ಭುಜದ ಆಚೆ ಎಲ್ಲೋ ನೋಡುತ್ತಿತ್ತು.

'ಪಾದ ಮುಟ್ಟಿತ್ತೇನು?'

ಬಿಳಿ ಶೇರವಾನಿ, ಸೊಂಟದವರೆಗಿನ ಹಾರ, ಕೆಳಗೆ ಹೊಳೆಯುವ ಬೂಟು. 'ಮುಟ್ಟಿತ್ತಕ್ಕಾ' ಎಂದ.

'ಆತು ಬಿಡು. ಕೈಕಾಲು ತೊಳಕೊಂಡು ಬಾ, ಉಣ್ಣು.'

ಉಂಡ. ಅವಳು ಎಂದಿನಂತೆ ದೂರದಿಂದಲೇ ಬಡಿಸಿದಳು, ಎಂದಿನಂತೆ ಮಜ್ಜಿಗೆಗೆ ಉಪ್ಪು ಹಾಕಿದೆಯೇನೆಂದು ಕೇಳಿದಳು. ತುತ್ತು ಎತ್ತಿದಾಗೆಲ್ಲ ಬೆರಳಿನಿಂದ ಚಿಮಣಿ ಎಣ್ಣೆಯ ವಾಸನೆ ಬರುತ್ತಿತ್ತು. ತನಗಷ್ಟೇ ಬರುತ್ತಿದೆ ಎಂದುಕೊಂಡ. ಕಣ್ಣು ಹೋದವರ ಮೂಗು ಎಷ್ಟು ಚುರುಕೆಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಅವಳು ಬಯ್ಯಲಿ, ಅಳಲಿ, ದೇವರ ಮುಂದೆ ನಿಲ್ಲಿಸಿ ಆಣೆ ಹಾಕಿಸಲಿ, ಏನಾದರೂ ಆಗಲಿ ಎಂದು ಒಂದು ಮನಸ್ಸು ಬೇಡುತ್ತಿತ್ತು. ಏನೂ ಆಗದೆ ಊಟ ಮುಗಿಯಲಿ ಎಂದು ಇನ್ನೊಂದು. ಊಟ ಮುಗಿಯಿತು. ಕೈತೊಳೆದು ಬಂದಾಗ ಅವಳ ಕೈಯಲ್ಲಿ ಜನಿವಾರದ ನೂಲಿನ ಉಂಡೆ ಇತ್ತು.

'ವಾದೀ, ಆ ಕಂಬಕ್ಕ ಬೆನ್ನು ಹಚ್ಚಿ ನಿಂದರು ಸ್ವಲ್ಪ.'

'ಯಾಕಕ್ಕಾ?'

'ಅವಾಗ ಮಲಗಿದಾವನ್ನ ಅಳದಿದ್ದೆ. ಮಲಗಿದವರನ್ನ ಅಳೀಬಾರದಂತ ಅವ್ವ ಹೇಳತಿದ್ದಳು. ಗಾಬರಿಯೊಳಗ ನೆನಪಾಗಲಿಲ್ಲ. ತಪ್ಪು ನಂದೇ ಅದ. ಅದರ ಮ್ಯಾಲ ನಾಕು ಮಂದಿ ನೋಡ್ಲಿ ಅಂತ ನನಗೂ ಆಸೆ ಆತು. ದೇವರಿಗಂದದ್ದಕ್ಕ ಆಸೆ ಪಡಬಾರದು.' ಅವಳ ದನಿ ಒಂದಿಷ್ಟೂ ಏರಲಿಲ್ಲ. 'ಈ ಸಲ ನಿಂತಾವನ್ನ ಅಳೀತೀನಿ.'

'ಹರಕಿ ತೀರಿತಲ್ಲಕ್ಕಾ…' ಎಂದ. ಅಂದದ್ದು ಅವನ ಕಿವಿಗೇ ಸರಿಯಾಗಿ ಬೀಳಲಿಲ್ಲ.

'ಹ್ಞೂಂ, ನೀ ಅಂತೀಯಲ್ಲ.' ಅವಳು ನೂಲಿನ ತುದಿ ಬಿಡಿಸುತ್ತಿದ್ದಳು. 'ಆದ್ರೂ ಕೂಸು ಬರಲಿಕ್ಹತ್ತದ. ಅದಕ್ಕ ಅಪ್ಪ ಬೇಕಲ್ಲೋ.'

ಅವನು ಕಂಬಕ್ಕೆ ಬೆನ್ನು ಹಚ್ಚಿ ನಿಂತ. ಮಡಿಯಲ್ಲಿದ್ದವಳು ಅವನನ್ನು ಮುಟ್ಟುವಂತಿರಲಿಲ್ಲ. ನೂಲಿನ ತುದಿಯನ್ನು ಅವನತ್ತ ಒಗೆದಳು, ಅವನೇ ಅದನ್ನು ತನ್ನ ನೆತ್ತಿಯ ಮೇಲೆ ಒತ್ತಿ ಹಿಡಿದ. ತಪ್ಪು ಮಾಡಿ ಬೆಂಚಿನ ಮೇಲೆ ನಿಂತ ಹುಡುಗರು ಹೀಗೆಯೇ ತಲೆಯ ಮೇಲೆ ಕೈ ಇಟ್ಟುಕೊಳ್ಳುತ್ತಾರೆ. ನೂಲು ಹಣೆಯ ಮೇಲಿಂದ, ಮೂಗಿನ ಮಗ್ಗುಲಿಂದ, ಎದೆಯ ಮೇಲಿಂದ ಇಳಿಯಿತು. ಇರುವೆಯ ಸಾಲು ಎಂದು ಈ ಸಲ ಅನ್ನಿಸಲಿಲ್ಲ. ಕಣ್ಣಿಂದ ಇಳಿದದ್ದು ಆ ನೂಲನ್ನೇ ಹಿಡಿದು ಇಳಿಯುತ್ತಿತ್ತು. ಒರೆಸಲು ಕೈ ತೆಗೆದರೆ ಅಳತೆ ತಪ್ಪುತ್ತದೆ. ಅವಳಿಗಿದು ಕಾಣುವುದಿಲ್ಲ ಎಂಬುದೊಂದೇ ಅವನಿಗೆ ಉಳಿದ ಆಸರೆ. ಇನ್ನೊಂದು ಗೆಜ್ಜೆವಸ್ತ್ರ ಮುಗಿಯುವಷ್ಟು ಕಣ್ಣು ಆ ಮುಖದಲ್ಲಿ ಉಳಿದಿಲ್ಲವೆಂದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ತುಂಗಾಬಾಯಿ ಬಗ್ಗಿದಳು. ತಾಯಿಯಿಲ್ಲದ ಅವನನ್ನು ಎತ್ತಿ ಬೆಳೆಸಿದವಳು ಅವನ ಕಾಲ ಬಳಿ ಮೊಳಕಾಲೂರಿ, ನೂಲಿನ ಗುಂಟ ಬೆರಳಾಡಿಸುತ್ತ ನೆಲ ಹುಡುಕಿದಳು. ನೆಲ ಅವಳಿಗೆ ಸಿಗಲಿಲ್ಲ, ಅತ್ತ ಇತ್ತ ತಡಕಾಡಿದ ಕೈಗೆ ಅವನ ಪಾದದ ಹೆಬ್ಬೆರಳು ಹತ್ತಿತು. ಮುಟ್ಟಿದರೆ ಮಡಿ ಹೋಯಿತು, ಮತ್ತೆ ತಣ್ಣೀರು ಸುರಿದುಕೊಳ್ಳಬೇಕು. ಅವಳು ಕೈ ಹಿಂದಕ್ಕೆ ತೆಗೆಯಲಿಲ್ಲ. ನೂಲನ್ನು ಅಲ್ಲಿಯವರೆಗೆ ಎಳೆದು ತಂದಳು.

'ಈಗ ಮುಟ್ಟಿತು ನೋಡು' ಎಂದು ಹೇಳಿ, ಅಲ್ಲಿಗೆ ಗಂಟು ಹಾಕಿದಳು.